ಮಂಜಿನಲ್ಲಿ ಕಟ್ಟಿದ ದಾರಿ

ಫೆರೋ ದ್ವೀಪಗಳ ಉತ್ತರದ ಅಂಚಿನಲ್ಲಿರುವ ತೆರ್ನುವೀಕ್‌ಗೆ ಹೊರಗಿನವರು ಬರುವುದು ಒಂದೇ ನೋಟಕ್ಕಾಗಿ. ಊರ ಹಿಂದಿನ ಗುಡ್ಡ ಹತ್ತಿ ಅದರ ತುದಿಯಲ್ಲಿ ನಿಂತರೆ, ಕೆಳಗೆ ಸಮುದ್ರದ ನಡುವೆ ಬಾಗಿಲ ಬಂಡೆ ಕಾಣುತ್ತದೆ. ಅರ್ಧ ತೆರೆದಿಟ್ಟ ಬಾಗಿಲಿನಂಥ ಸೀಳು, ಸೀಳಿನೊಳಗೆ ನುಗ್ಗಿ ಹಿಂದೆ ಸರಿಯುವ ನೊರೆ, ಮೇಲೆ ಲೆಕ್ಕಕ್ಕೆ ಸಿಗದಷ್ಟು ಹಕ್ಕಿಗಳು. ನೋಡಿ ಇಳಿದವರಿಗೆ ಹಸಿವಾಗಿರುತ್ತದೆ. ಊರಿನಲ್ಲಿ ಅಂಗಡಿಯಿಲ್ಲ, ಹೋಟೆಲಿಲ್ಲ. ರಾನ್ವಾಳ ಮನೆಯ ಊಟದ ಮೇಜು ಮಾತ್ರ ಇದೆ.

ರಾನ್ವಾ ಹರೆಯದಲ್ಲೇ ಮೀನುಗಾರಿಕೆ ಹಡಗಿನ ಅಡುಗೆಯವಳಾಗಿ ಹೋದವಳು. ಅಲೆಗೆ ಜಾರದಂತೆ ಪಾತ್ರೆಗಳಿಗೆ ಕಂಬಿ ಬಿಗಿದು ಸೂಪು ಕಾಯಿಸಿದ ಕೈ ಅವಳದು. ತಾಯಿ ಹಾಸಿಗೆ ಹಿಡಿದಾಗ ಊರಿಗೆ ಬಂದಳು. ಇನ್ನು ಈ ಊರು ಬಿಡುವುದಿಲ್ಲ ಎಂದು ತಾಯಿಯನ್ನು ಮಣ್ಣು ಮಾಡಿದ ದಿನವೇ ತೀರ್ಮಾನಿಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ, ಹಾಗಾಗಿ ಯಾರೂ ವಾದಕ್ಕೆ ಬಂದಿರಲಿಲ್ಲ. ಮನೆಯ ದೊಡ್ಡ ಕೋಣೆಯಲ್ಲಿ ಮೇಜು ಹಾಕಿ ಬಂದವರಿಗೆ ಬಡಿಸತೊಡಗಿದಳು: ಮೀನಿನ ಸೂಪು, ಆಲೂಗಡ್ಡೆ, ಗಾಳಿಯಲ್ಲಿ ತಿಂಗಳುಗಟ್ಟಲೆ ಒಣಗಿದ ಕುರಿಮಾಂಸ. ಆ ಮಾಂಸದ ವಾಸನೆಗೆ ಮುಖ ಹಿಂಡಿದವರು ಎರಡನೆಯ ತುಂಡು ಕೇಳಿದರೆ ಅವರಿಗೆ ಇನ್ನೊಂದು ಲೋಟ ಕಾಫಿ ಸಿಗುತ್ತಿತ್ತು.

ಆ ವರ್ಷದ ಮೇ ತಿಂಗಳಲ್ಲಿ, ಕುರಿಗಳು ಮರಿ ಹಾಕುವ ಹೊತ್ತಿನಲ್ಲಿ, ಯಾರೋ ಪ್ರವಾಸಿಗಳು ಒಳ್ಳೆಯ ಚಿತ್ರ ಸಿಗಲೆಂದು ದಾರಿ ಬಿಟ್ಟು ಪ್ರಪಾತದ ಅಂಚಿನ ಹುಲ್ಲಿನ ಜಗಲಿಗೆ ಇಳಿದರು. ಮರಿಗಳೊಂದಿಗೆ ಅಲ್ಲಿ ಮೇಯುತ್ತಿದ್ದ ಕುರಿಗಳು ಬೆದರಿದವು. ಹಿಂದೆ ಗೋಡೆಯಂಥ ಬಂಡೆ, ಮುಂದೆ ಜನ, ಉಳಿದದ್ದು ಒಂದೇ ದಿಕ್ಕು. ಸಂಜೆ ನೆರೆಮನೆಯ ಸಿಮುನ್ ದೋಣಿ ತೆಗೆದುಕೊಂಡು ಹೋಗಿ, ಬಂಡೆಯ ಬುಡದಲ್ಲಿ ತೇಲುತ್ತಿದ್ದ ಉಣ್ಣೆಯ ಮುದ್ದೆಗಳನ್ನು ಕೊಕ್ಕೆ ಹಾಕಿ ಎಳೆದು ತಂದ.

ಗುಡ್ಡ ಒಬ್ಬರದಲ್ಲ, ಊರಿನ ಮನೆತನಗಳೆಲ್ಲ ಅದರ ಪಾಲುದಾರರು. ಎಲ್ಲರಿಗಿಂತ ದೊಡ್ಡ ಪಾಲು ರಾನ್ವಾಳ ಚಿಕ್ಕಪ್ಪ ದೆಮ್ಮುಸ್‌ನದು, ಎಲ್ಲರಿಗಿಂತ ಸಣ್ಣದು ಅವಳದು. ಊರಿನ ಸಭೆಮನೆಯಲ್ಲಿ ದೆಮ್ಮುಸ್ ಟೋಪಿ ತೆಗೆಯದೆಯೇ ಮಾತಾಡಿದ.

"ಹೊರಗಿನವ್ರು ಇನ್ನು ಗುಡ್ಡ ಹತ್ತೋದು ಬೇಡ. ಬಂಡೆ ನೋಡಬೇಕು ಅಂದ್ರೆ ಫೋನಲ್ಲಿ ನೋಡ್ಕೊಳ್ಲಿ."

ಯಾರೂ ಎದುರಾಡಲಿಲ್ಲ. ಸತ್ತ ಕುರಿಗಳಲ್ಲಿ ಎಲ್ಲರದೂ ಇದ್ದವು. ರಾನ್ವಾ ಮಾತ್ರ ಕೂತಲ್ಲಿಂದಲೇ ಲೆಕ್ಕ ಹಾಕುತ್ತಿದ್ದಳು. ಗುಡ್ಡ ಮುಚ್ಚಿದರೆ ಮೇಜು ಮುಚ್ಚುತ್ತದೆ. ಮೇಜು ಮುಚ್ಚಿದರೆ ರಾಜಧಾನಿ ತೋರ್ಸ್‌ಹಾವ್ನ್‌ನ ಮೀನು ಕಾರ್ಖಾನೆ, ಬಾಡಿಗೆ ಕೋಣೆ, ಕಿಟಕಿಯಾಚೆ ಇನ್ನೊಬ್ಬರ ಗೋಡೆ.

"ಚಿಕ್ಕಪ್ಪ, ಕುರಿ ಮರಿ ಹಾಕೋದು ಬಿಸಿಲಿನ ಮಗ್ಗುಲಲ್ಲಿ. ಬಡಗಣ ಮಗ್ಗುಲಲ್ಲಿ ಜೂನ್ ತನಕ ಹುಲ್ಲೇ ಇರಲ್ಲ. ದಾರೀನ ಆ ಕಡೆ ತಿರುಗಿಸಿದ್ರೆ?"

"ಆ ಕಡೆ ದಾರಿ ಎಲ್ಲಿದೆ ಮಾರಾಯ್ತಿ? ನಮ್ಮಪ್ಪನ ಕಾಲದಲ್ಲೂ ಇರ್ಲಿಲ್ಲ."

"ನಾನು ಮಾಡ್ತೀನಿ."

"ಏನ್ ಮಾಡ್ತೀಯ? ಸೂಪಾ?"

ಎಲ್ಲರೂ ನಕ್ಕರು. ರಾನ್ವಾ ನಗು ಮುಗಿಯುವವರೆಗೆ ಕಾದಳು. "ಕಲ್ಲುಗುಪ್ಪೆ ಕಟ್ತೀನಿ. ಹಳೇ ದಾರೀಲಿ ಇದಾವಲ್ಲ, ಹಾಗೆ. ಗುಪ್ಪೆಯಿಂದ ಗುಪ್ಪೆಗೆ ನಡ್ಕೊಂಡು ಹೋದ್ರೆ ಯಾರೂ ದಾರಿ ಬಿಡಲ್ಲ. ಆ ಕಡೆಯಿಂದ್ಲೂ ಬಾಗಿಲ ಬಂಡೆ ಕಾಣುತ್ತೆ."

ದೆಮ್ಮುಸ್ ಗಲ್ಲ ಕೆರೆದುಕೊಂಡ. ಬೇಡ ಎನ್ನಲು ಅವನಿಗೂ ಮನಸ್ಸಿರಲಿಲ್ಲ. ಅಣ್ಣನ ಮಗಳು, ಮೇಲಾಗಿ ಭಾನುವಾರದ ಕಾಫಿ ಅವನಿಗೆ ಅವಳ ಮನೆಯಲ್ಲೇ.

"ಸರಿ. ಈ ಬೇಸಿಗೆ ಹಳೇ ದಾರಿ ನಡೀಲಿ. ಚಳಿಗಾಲಕ್ಕೆ ಕುರಿ ಇಳಿಸೋಕೆ ಮುಂಚೆ, ಒಂದು ದಟ್ಟ ಮಂಜಿನ ದಿನ ನಾನು ನಿನ್ನ ದಾರೀಲಿ ನಡೀತೀನಿ. ಒಂದು ಗುಪ್ಪೆ ಹತ್ರ ನಿಂತ್ರೆ ಇನ್ನೊಂದು ಕಾಣಬೇಕು. ಎಲ್ಲಾದ್ರೂ ದಾರಿ ಕಾಣದೆ ನಿಂತ್ನೋ, ಗುಡ್ಡ ಮುಚ್ಚಿದ ಹಾಗೆ. ಆಮೇಲೆ ಅಳೋದಿಲ್ಲ."

"ನೀನು ಅಳದಿದ್ರೆ ಸಾಕು" ಎಂದಳು ರಾನ್ವಾ.

ಜೂನ್ ತಿಂಗಳು ಅಪರೂಪಕ್ಕೆ ತಿಳಿಯಾಗಿತ್ತು. ಅಪ್ಪನ ಕಾಲದ ಬೆನ್ನುಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದಳು. ಮರದ ಪಟ್ಟಿಗಳ ಪೆಟ್ಟಿಗೆ, ಹಣೆಗೆ ಕೊಟ್ಟು ಹೊರಲು ಉಣ್ಣೆಯ ಪಟ್ಟಿ. ಒಂದು ಕಾಲದಲ್ಲಿ ಆ ಊರಿನ ಗೊಬ್ಬರ, ಮೀನು, ಮಕ್ಕಳು ಎಲ್ಲ ಅದರಲ್ಲೇ ಗುಡ್ಡ ಹತ್ತಿಳಿದದ್ದು. ಬೆಳಿಗ್ಗೆ ರೊಟ್ಟಿ ಬೇಯಿಸಿಟ್ಟು ಹತ್ತುವಳು, ಬಂಡೆ ಉದುರಿದ ಜಾಗದಿಂದ ಕಲ್ಲು ಹೊರುವಳು, ಕಟ್ಟುವಳು, ಊಟದ ಹೊತ್ತಿಗೆ ಇಳಿದು ಕೈ ತೊಳೆದು ಬಡಿಸುವಳು. ಗೂಡು ಕಾಯುವ ಕಂದು ಕಡಲಹಕ್ಕಿಗಳು ತಲೆಗೆ ಎರಗಿ ಬಂದರೆ ಒಂದು ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆಯುತ್ತಿದ್ದಳು. ಅವು ಕೋಲಿಗೆ ಕುಕ್ಕಿ ಸಮಾಧಾನ ಮಾಡಿಕೊಳ್ಳುತ್ತಿದ್ದವು.

ತಿಂಗಳು ಮುಗಿಯುವಷ್ಟರಲ್ಲಿ ಬಡಗಣ ಮಗ್ಗುಲಿನ ಏರುಗಳ ಮೇಲೆಲ್ಲ ಎದೆಯೆತ್ತರದ ಗುಪ್ಪೆಗಳು ನಿಂತವು. ಆಕಾಶಕ್ಕೆ ಒರಗಿ ನಿಂತಂತೆ, ನೋಡಲು ಸೊಗಸಾಗಿದ್ದವು. ಬೇಲಿಯಾಚೆಯಿಂದ ಸಿಮುನ್ ಹೊಗಳಿದ.

"ಪರವಾಗಿಲ್ಲ ಕಣೇ. ನಿನ್ನೆ ಮೀನಿಗೆ ಹೋಗಿದ್ದಾಗ ನೋಡ್ದೆ. ಅಷ್ಟು ದೂರದಿಂದ ಒಂದೊಂದೂ ಎಣಿಸೋ ಹಾಗೆ ಕಾಣ್ತಿದ್ವು."

ಆ ಮಾತಿಗೆ ಅವಳು ಎರಡು ದಿನ ಹಿಗ್ಗಿದ್ದಳು. ಮೂರನೆಯ ದಿನ ಮಂಜು ಬಂತು. ಕಡಲಿನಿಂದೆದ್ದು ಊರಿನೊಳಗೆ ನುಗ್ಗಿ, ಹುಲ್ಲು ಹೊದಿಸಿದ ಮಾಡುಗಳನ್ನು ಒಂದೊಂದಾಗಿ ಅಳಿಸಿಹಾಕಿತು. ರಾನ್ವಾ ಬೂಟು ಹಾಕಿಕೊಂಡು ಹತ್ತಿದಳು. ಮೊದಲ ಗುಪ್ಪೆ ಸಿಕ್ಕಿತು. ಅಲ್ಲಿ ನಿಂತು ಎರಡನೆಯದನ್ನು ಹುಡುಕಿದಳು. ಎದುರಿಗೆ ಹಾಲು ಚೆಲ್ಲಿದಂತೆ ಬಿಳುಪು, ಬೇರೇನೂ ಇಲ್ಲ. ಅಂದಾಜಿನ ಮೇಲೆ ನಡೆದಳು. ಕಾಲಡಿಯ ಹುಲ್ಲು ಇಳಿಜಾರಾಗುತ್ತ ಹೋಯಿತು. ಕೆಳಗಿನಿಂದ ಹಕ್ಕಿಗಳ ಗದ್ದಲ, ಅದರ ಕೆಳಗೆ ಅಲೆಯ ಸದ್ದು ಕೇಳಿದ ಮೇಲೆ ನಿಂತಳು. ಕೂತಳು. ಕೂತುಕೊಂಡೇ ಹಿಂದೆ ಸರಿದಳು.

ಮನೆಗೆ ಬಂದು ಒದ್ದೆ ಕಾಲುಚೀಲ ಹಿಂಡುವಾಗ ಸಿಮುನ್ ಹೊಗಳಿದ್ದರ ಅರ್ಥವಾಯಿತು. ದೋಣಿಯಿಂದ ಚೆನ್ನಾಗಿ ಕಾಣುತ್ತಿದ್ದವು, ನಿಜ. ಅವಳು ಕಟ್ಟಿದ್ದೇ ದೋಣಿಯಲ್ಲಿದ್ದವರಿಗೆ. ಇಪ್ಪತ್ತು ವರ್ಷ ಹಡಗಿನಿಂದ ನೆಲ ನೋಡಿದ ಕಣ್ಣು. ಹಡಗಿನವರಿಗೆ ಗುರುತೆಂದರೆ ಎತ್ತರದಲ್ಲಿರಬೇಕು, ದೂರ ದೂರ ಇರಬೇಕು, ಬಾನಂಚಿಗೆ ಕಾಣಬೇಕು. ನಡೆಯುವವರಿಗೆ ಮಂಜಿನಲ್ಲಿ ಬಾನಂಚೆಲ್ಲಿ?

ಮರುದಿನವೂ ಮಂಜಿತ್ತು. ಅವಳು ಹಳೆಯ ದಾರಿಗೆ ಹೋಗಿ ಅಜ್ಜಂದಿರ ಗುಪ್ಪೆಗಳನ್ನು ನೋಡುತ್ತ ನಡೆದಳು. ತಿಳಿ ದಿನಗಳಲ್ಲಿ ಅವು ಅಡ್ಡಾದಿಡ್ಡಿಯಾಗಿ, ಕೆಲವು ತಗ್ಗಿನಲ್ಲಿ ಅಡಗಿ, ತಿಳಿಯದವರು ಪೇರಿಸಿದಂತೆ ಕಾಣುತ್ತಿದ್ದವು. ಮಂಜಿನಲ್ಲಿ ಒಂದನ್ನು ಬಿಡುವ ಮೊದಲೇ ಇನ್ನೊಂದು ಬಂದು ಕೈಗೆ ಸಿಗುತ್ತಿತ್ತು. ಅವನ್ನು ಬಿಸಿಲಿನಲ್ಲಿ ಯಾರೂ ಕಟ್ಟಿರಲಿಲ್ಲ.

ತನ್ನ ಗುಪ್ಪೆಗಳನ್ನು ತಾನೇ ಕೆಡವಿದಳು. ಅಲ್ಲಿಂದ ಮುಂದೆ ಅವಳ ದಿನಚರಿ ಊರಿನವರದಕ್ಕೆ ತಿರುಗುಮುರುಗಾಯಿತು. ಬಿಸಿಲು ಬಂದರೆ ಒಳಗೆ, ಮಂಜು ಬಂದರೆ ಹೊರಗೆ. ಒಂದು ಗುಪ್ಪೆಗೆ ಬೆನ್ನು ಹಾಕಿ, ಹತ್ತಾರು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ನಡೆಯುವಳು. ಅದು ಮಸುಕಾಗತೊಡಗಿದ ಕೂಡಲೇ ನಿಂತು, ಸ್ವಲ್ಪ ಹಿಂದೆ ಬಂದು, ಅಲ್ಲಿ ಕಲ್ಲು ಇಳಿಸುವಳು. ಅದು ತಗ್ಗಾಗಲಿ, ಕೆಸರಾಗಲಿ, ಕಟ್ಟುವುದು ಅಲ್ಲೇ.

ಊಟಕ್ಕೆ ಬಂದ ಒಬ್ಬ ಜರ್ಮನ್ ಹೆಂಗಸು ಕಿಟಕಿ ನೋಡಿ ನಿಟ್ಟುಸಿರಿಟ್ಟಳು. "ನಾಳೆಗಾದ್ರೂ ತಿಳಿಯಾಗುತ್ತೇನ್ರೀ?"

"ಆಗದೇ ಇರ್ಲಿ ಅಂತ ಕಾಯ್ತಿದೀನಿ" ಎಂದು ರಾನ್ವಾ ಆಲೂಗಡ್ಡೆ ಬಡಿಸಿದಳು. ಹೆಂಗಸು ಗಂಡನ ಮುಖ ನೋಡಿದಳು.

ಆಗಸ್ಟ್‌ನಲ್ಲಿ ಮಂಜು ಸರಿದ ಒಂದು ಮಧ್ಯಾಹ್ನ ಹೊಸ ದಾರಿ ಊರಿಗೆಲ್ಲ ಕಾಣಿಸಿತು. ಸಿಮುನ್ ಬೇಲಿಗೆ ಮೊಣಕೈ ಊರಿದ.

"ಇದೇನೇ ಇದು, ಕುರಿ ಹೋಗ್ತಾ ಹೋಗ್ತಾ ಹಿಕ್ಕೆ ಹಾಕಿದ ಹಾಗಿದೆ. ಮೊದಲನೇದೇ ಚೆನ್ನಾಗಿತ್ತಲ್ಲ."

"ಸಮುದ್ರದಿಂದ ಕಾಣುತ್ತಾ?"

"ಏನೂ ಕಾಣಲ್ಲ."

"ಹಾಗಾದ್ರೆ ಸರಿಯಾಗಿದೆ."

ಸೆಪ್ಟೆಂಬರ್ ಕೊನೆಯ ವಾರ, ಚರ್ಚಿನ ಗೋಪುರ ಅದರ ಬಾಗಿಲಿನಿಂದಲೇ ಕಾಣದಂಥ ದಿನ, ದೆಮ್ಮುಸ್ ಬಂದು ಅವಳ ಬಾಗಿಲು ಬಡಿದ. ಕೈಯಲ್ಲಿ ಊರುಗೋಲು, ಕಾಲ ಬಳಿ ನಾಯಿ.

"ಇವತ್ತಿಗಿಂತ ಒಳ್ಳೇ ದಿನ ಸಿಗಲ್ಲ. ನಾನು ಮುಂದೆ, ನೀನು ಹಿಂದೆ. ಮಾತಾಡಬಾರ್ದು, ಕೆಮ್ಮಬಾರ್ದು."

"ಉಸಿರಾಡಬಹುದಾ?"

"ಮೆಲ್ಲಗೆ."

ಮುದುಕ ಚೆನ್ನಾಗಿಯೇ ನಡೆದ. ಒಂದು ಗುಪ್ಪೆಯ ಬಳಿ ನಿಂತು, ಕಣ್ಣು ಕಿರಿದು ಮಾಡಿ, ಮುಂದಿನದರತ್ತ ಕೋಲು ತೋರಿಸಿ ಹೊರಡುವನು. ಕೆಸರಿನ ತಗ್ಗಿನಲ್ಲಿ ಅಡಗಿದ್ದ ಗುಪ್ಪೆ ಸಿಕ್ಕಾಗ "ಹ್ಞೂಂ" ಎಂದ. ಅವನು ಮೆಚ್ಚಿದ್ದೋ ಕಾಲು ಒದ್ದೆಯಾದದ್ದೋ ರಾನ್ವಾಗೆ ಗೊತ್ತಾಗಲಿಲ್ಲ. ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿತ್ತು. ಗುಡ್ಡದ ಬೆನ್ನಿನ ಕೆಳಗೆ, ಎರಡು ಇಳಿಜಾರುಗಳ ನಡುವಿನ ಕಣಿವೆಯಲ್ಲಿ, ಒಂದು ಗುಪ್ಪೆಯ ಬಳಿ ದೆಮ್ಮುಸ್ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕೋಲು ಎತ್ತಲಿಲ್ಲ.

ಕಣಿವೆಯಲ್ಲಿ ಮಂಜು ಬೇರೆಡೆಗಿಂತ ದಟ್ಟವಾಗಿ ಕೂರುತ್ತದೆ. ಅವಳು ಕಟ್ಟಿದ ದಿನಗಳಲ್ಲಿ ಇಷ್ಟು ಕೂತಿರಲಿಲ್ಲ. ಮುಂದಿನ ಗುಪ್ಪೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವಳ ಕಣ್ಣಿಗೂ ಅದು ಕಾಣಲಿಲ್ಲ.

"ಕಾಣಲ್ಲ" ಎಂದ ದೆಮ್ಮುಸ್. ದನಿಯಲ್ಲಿ ಗೆಲುವಿರಲಿಲ್ಲ. "ಹೇಳಿದ್ದೆ ನಿಂಗೆ."

ರಾನ್ವಾ ಮನೆಯಿಂದ ಹೊತ್ತು ತಂದಿದ್ದ ಬೆನ್ನುಪೆಟ್ಟಿಗೆ ಕೆಳಗಿಳಿಸಿದಳು. ಅದರೊಳಗಿಂದ ಬಟ್ಟೆಯಲ್ಲಿ ಸುತ್ತಿದ ಒಣಮಾಂಸ, ರೊಟ್ಟಿ, ಕಾಫಿಯ ಫ್ಲಾಸ್ಕ್ ತೆಗೆದು ಚಿಕ್ಕಪ್ಪನ ಕೈಗಿಟ್ಟಳು.

"ಕೂತ್ಕೋ. ಊಟ ಮಾಡು."

"ಈಗ ಯಾಕೆ?"

"ಹೊತ್ತಾಯ್ತಲ್ಲ."

ಅವನು ಚಾಕು ತೆಗೆದು ಮಾಂಸ ಹೆರೆಯತೊಡಗಿದ. ಅವಳು ಖಾಲಿ ಪೆಟ್ಟಿಗೆ ಹೊತ್ತು ಮಂಜಿನೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಲ್ಲು ಸುರಿದ ಸದ್ದು. ಮತ್ತೆ ಹೆಜ್ಜೆ ಸದ್ದು, ಮತ್ತೆ ಕಲ್ಲು. ಅವನು ಕೂತಿದ್ದ ಗುಪ್ಪೆಗೂ ಕಾಣದ ಗುಪ್ಪೆಗೂ ನಡುವೆ ಅವಳ ಬಾಗಿದ ಬೆನ್ನು ಮಸುಕಾಗಿ ಕಾಣುತ್ತಿತ್ತು.

"ಏನ್ ಮಾಡ್ತಿದೀಯೇ ಅಲ್ಲಿ?"

"ನೋಡಿದ್ರೆ ಗೊತ್ತಾಗಲ್ವಾ? ಕಾಣ್ತಿದೀನಿ ತಾನೆ?"

"ಇದು ಮೋಸ. ನಾನು ನಿಂತ್ರೆ ಗುಡ್ಡ ಮುಚ್ಚಿದ ಹಾಗೆ ಅಂತ ಮಾತು."

"ನೀನೆಲ್ಲಿ ನಿಂತಿದೀಯ ಚಿಕ್ಕಪ್ಪ? ಊಟಕ್ಕೆ ಕೂತಿದೀಯ."

ದೆಮ್ಮುಸ್ ಬಾಯಿಯಲ್ಲಿದ್ದ ತುಂಡನ್ನು ನಿಧಾನವಾಗಿ ಅಗಿದ. ನಾಯಿಗೂ ಒಂದು ಚೂರು ಕೊಟ್ಟ. ಕಾಫಿ ಮುಗಿಯಿತು. ಅವನು ಏಳಲಿಲ್ಲ. ಗುಪ್ಪೆ ಮೊಣಕಾಲು ದಾಟಿ, ಸೊಂಟ ಮುಟ್ಟಿ, ಎದೆಗೆ ಬರುವವರೆಗೂ ಕೂತೇ ಇದ್ದ. ಕೂತಷ್ಟು ಹೊತ್ತೂ ಬೆನ್ನಿಗೆ ಥಂಡಿ ಹತ್ತುತ್ತಿತ್ತು, ಒಮ್ಮೆ ಕೆಮ್ಮಿದ ಕೂಡ. ಆಮೇಲೆ ಎದ್ದು ಬಂದು ಹೊಸ ಗುಪ್ಪೆಯ ಬುಡಕ್ಕೆ ಬೂಟಿನಿಂದ ಒದ್ದ. ಒಂದು ಕಲ್ಲು ಅಲುಗಿತು.

"ಇದು ಈ ಚಳಿಗಾಲಾನೇ ದಾಟಲ್ಲ. ತೆಗಿ. ಅಗಲದ ಮುಖ ಕೆಳಗೆ ಮಾಡಿ ಕೂರಿಸು. ನಿಮ್ಮಪ್ಪ ನಿಂಗೆ ಏನೂ ಕಲಿಸಲಿಲ್ವಾ?"

"ನಾನು ಹಡಗಲ್ಲಿದ್ದೆನಲ್ಲ."

"ಅದು ಗೊತ್ತಾಗುತ್ತೆ."

ಅವಳು ಬಿಚ್ಚಿ ಮತ್ತೆ ಕಟ್ಟಿದಳು. ಅವನು ಮತ್ತೆ ಒದ್ದ. ಅಲುಗಲಿಲ್ಲ. ಅಲ್ಲಿಂದ ಮುಂದಿನ ಗುಪ್ಪೆ ಕಾಣುತ್ತಿತ್ತು. ಕೋಲು ತೋರಿಸಿ ಹೊರಟ.

ತುದಿ ಮುಟ್ಟಿದಾಗ ಎದುರಿಗೆ ಏನೂ ಇರಲಿಲ್ಲ. ಬಾಗಿಲ ಬಂಡೆ ಇರಬೇಕಾದಲ್ಲಿ ಬಿಳುಪು, ಕಡಲು ಇರಬೇಕಾದಲ್ಲಿ ಬಿಳುಪು. ದೆಮ್ಮುಸ್ ಕೋಲಿಗೆ ಎರಡೂ ಕೈ ಊರಿ ಬಹಳ ಹೊತ್ತು ನೋಡಿದ.

"ಇಲ್ಲಿಂದ ಕಾಣುತ್ತಾ ಬಂಡೆ?"

"ಸೀಳಿನ ಒಳಗಡೆ ತನಕ ಕಾಣುತ್ತೆ. ಹಳೇ ಜಾಗದಿಂದ ಅದು ಕಾಣಲ್ಲ."

"ಕುರಿ?"

"ದಾರೀಲಿ ಒಂದಾದ್ರೂ ಸಿಕ್ತಾ?"

ಸಿಕ್ಕಿರಲಿಲ್ಲ. ನಾಯಿಗೂ ಬೇಸರ ಬಂದು ಹುಲ್ಲಿನ ಮೇಲೆ ಮಲಗಿತ್ತು. ರಾನ್ವಾ ಪೆಟ್ಟಿಗೆಯ ಪಟ್ಟಿಯನ್ನು ಹಣೆಯಿಂದ ಸರಿಸಿದಳು. ಹಣೆಯ ಮೇಲೆ ಉಣ್ಣೆಪಟ್ಟಿ ಒತ್ತಿದ ಗೆರೆ ಉರಿಯುತ್ತಿತ್ತು.

"ಬಂದದ್ದೇನೋ ಬಂದ್ವಿ" ಎಂದ ದೆಮ್ಮುಸ್ ಕೊನೆಗೆ. "ಹೋಗೋದು ಇನ್ನೂ ಇದೆ. ಬರುವಾಗ ಕಂಡದ್ದು ಹೋಗುವಾಗ ಕಾಣಬೇಕು ಅಂತೇನಿಲ್ಲ. ನೀನು ಮುಂದೆ ನಡಿ."

ಅವಳು ಮುಂದೆ ನಡೆದಳು. ಒಂದೊಂದು ಗುಪ್ಪೆಯೂ ಬಿಳುಪಿನಿಂದ ಬಿಡಿಸಿಕೊಂಡು ಎದುರು ಬಂತು. ಕಣಿವೆಯಲ್ಲಿ ಹೊಸದು ಎಲ್ಲಕ್ಕಿಂತ ಕಪ್ಪಗೆ, ಮೈಯಲ್ಲಿ ಮಣ್ಣು ಹತ್ತಿಸಿಕೊಂಡು ನಿಂತಿತ್ತು. ಅದನ್ನು ದಾಟುವಾಗ ಹಿಂದಿನಿಂದ ಕಲ್ಲಿಗೆ ಕಲ್ಲು ತಾಗಿದ ಸದ್ದು ಕೇಳಿತು. ರಾನ್ವಾ ತಿರುಗಿ ನೋಡಲಿಲ್ಲ. ಮಾರನೆಯ ವಾರ ಹೋದಾಗ ಅದರ ನೆತ್ತಿಯ ಮೇಲೆ ತಾನಿಡದ ಒಂದು ಚಪ್ಪಟೆ ಕಲ್ಲಿತ್ತು.

ಸಭೆಮನೆಯಲ್ಲಿ ದೆಮ್ಮುಸ್ ಈ ಸಲವೂ ಟೋಪಿ ತೆಗೆಯಲಿಲ್ಲ. "ಹಳೇ ದಾರಿಗೆ ಬೇಲಿ ಹಾಕೋಣ. ಬಡಗಣ ದಾರಿ ಇರ್ಲಿ" ಎಂದಷ್ಟೇ ಹೇಳಿದ. ಬೇಲಿಯ ಕಂಬಗಳನ್ನು ರಾನ್ವಾಳೇ ಹೊರಬೇಕೆಂದು ಸಿಮುನ್ ಸೇರಿಸಿದ. ಅದೂ ತೀರ್ಮಾನವಾಯಿತು.

ಮರುವರ್ಷ ಮೇ ತಿಂಗಳಲ್ಲಿ ಹೊಸ ದಾರಿಯಲ್ಲಿ ಹತ್ತಿದ ಮೊದಲ ಪ್ರವಾಸಿಗಳು ಒಬ್ಬ ಡೇನಿಷ್ ಮೇಷ್ಟರು ಮತ್ತು ಅವರ ಹೆಂಡತಿ. ಗುಡ್ಡದ ನಡುವೆ ಮಂಜು ಕವಿಯಿತು. ಸಂಜೆ ಇಬ್ಬರೂ ತೊಟ್ಟಿಕ್ಕುತ್ತ ಬಂದು ಮೇಜಿಗೆ ಕೂತರು.

"ಅಷ್ಟು ದೂರ ಹೋಗಿ ಏನೂ ಕಾಣಲಿಲ್ಲ" ಎಂದರು ಮೇಷ್ಟರು. "ಬರೀ ಕಲ್ಲುಗುಪ್ಪೆಗಳು. ಒಂದಾದ ಮೇಲೆ ಒಂದು."

ರಾನ್ವಾ ಅವರ ಮುಂದೆ ಸೂಪಿನ ಬಟ್ಟಲಿಟ್ಟಳು.

"ಎಲ್ಲಾ ಕಂಡ್ವಾ?"

"ಎಲ್ಲಾ ಕಂಡ್ವು."

"ಹಾಗಾದ್ರೆ ಊಟ ಮಾಡಿ. ಬಂಡೆ ನಾಳೆಗೂ ಅಲ್ಲೇ ಇರುತ್ತೆ, ನಾನೂ ಇರ್ತೀನಿ."