ಕಾಫಿ ಚೀಲದ ಮೂಗು

ನನ್ನ ತಮ್ಮನ ಮಗ ಜಂಬದ ಮನುಷ್ಯ. ಇದನ್ನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ. ಮುಖಕ್ಕೇ ಹಲವು ಸಲ ಹೇಳಿದ್ದೇನೆ. ಅವನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡಿದ್ದಾನೆ. ವಯಸ್ಸು ನಲವತ್ತೊಂದು. ಕಸುಬು, ಕಾಫಿ ಚೀಲಗಳ ವಿನ್ಯಾಸ. ಬಸ್ಸಿನಲ್ಲಿ ಪಕ್ಕದವರ ಬುಟ್ಟಿಯಿಂದ ತಾನು ಮಾಡಿದ ಚೀಲವೊಂದು ಇಣುಕಿದರೆ ಸಾಕು, "ಅದು ನಂದು" ಎಂದು ಬೆರಳು ತೋರಿಸುತ್ತಾನೆ. ಅವರು ಗಾಬರಿಯಾಗಿ ಬುಟ್ಟಿಯನ್ನು ಎದೆಗವಚಿಕೊಳ್ಳುತ್ತಾರೆ.

ಅಚ್ಚಿನ ಮನೆಯವರು ಅವನಿಗೆ ಇಟ್ಟ ಹೆಸರು ಸ್ಕೇಲು. ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದ ಬಣ್ಣವನ್ನು ಬಾಗಿಲಲ್ಲಿ ನಿಂತೇ ಗುರುತಿಸುತ್ತಾನೆ. ಅವನ ಕೆಲಸದ ಕ್ರಮವೂ ವಿಚಿತ್ರ. ಮೊದಲು ಏನೂ ಅಚ್ಚಾಗದ ಬಿಳಿ ಚೀಲಕ್ಕೆ ಕಾಲು ಕಿಲೋ ಬೀಜ ತುಂಬಿ, ಬಾಯಿ ಮುಚ್ಚಿ, ಕಿಟಕಿಯ ಹತ್ತಿರ ನಿಲ್ಲಿಸುತ್ತಾನೆ. ಹೊಟ್ಟೆ ಎಲ್ಲಿ ಉಬ್ಬುತ್ತದೆ, ನೆರಿಗೆ ಎಲ್ಲಿ ಬೀಳುತ್ತದೆ, ಕೈಯಲ್ಲಿ ಹಿಡಿದವರ ಹೆಬ್ಬೆರಳು ಎಲ್ಲಿ ಕೂರುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾನೆ. ಆಮೇಲೆ ಚೀಲವನ್ನು ಬರಿದು ಮಾಡಿ, ಮೇಜಿನ ಮೇಲೆ ಹಾಸಿ, ಚಿತ್ರಕ್ಕೆ ಕೈ ಹಾಕುತ್ತಾನೆ. "ಖಾಲಿ ಚೀಲ ಸುಳ್ಳು ಹೇಳುತ್ತೆ ಅತ್ತೆ" ಎಂದು ಒಮ್ಮೆ ವಿವರಿಸಿದ. ಇಷ್ಟು ಜಾಗ್ರತೆಯ ಮನುಷ್ಯ ಎಡವಿದ್ದು ಹೇಗೆ ಎಂಬುದೇ ನನ್ನ ಕುತೂಹಲ.

ಅವನ ಅಕ್ಕ ಕಾಫಿ ಹುರಿಯುತ್ತಾಳೆ. ಪ್ರಯೋಗಾಲಯದ ಕೆಲಸ ಬಿಟ್ಟು, ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಹುರಿಯುವ ಯಂತ್ರ ಇಟ್ಟವಳು. ಒಂದೇ ಗುಡ್ಡದ, ಒಂದೇ ಕೊಯ್ಲಿನ ಬೀಜ. ಇನ್ನೊಂದರ ಜೊತೆ ಬೆರೆಸುವುದಿಲ್ಲ. ಪೇಟೆಯ ಕಾಫಿ ಅಂಗಡಿಯ ಒಡತಿ ಅವಳಿಗೆ ಕಪಾಟಿನ ಒಂದು ಸಾಲನ್ನು ಒಂದು ತಿಂಗಳ ಮಟ್ಟಿಗೆ ಕೊಟ್ಟಳು. ಅರವತ್ತು ಚೀಲ ಹೋದರೆ ಜಾಗ ಖಾಯಂ, ಇಲ್ಲದಿದ್ದರೆ ಬೇರೆಯವರಿಗೆ. ಬೇರೆ ಯಾವ ಅಂಗಡಿಯೂ ಅವಳನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಇದೂ ತಪ್ಪಿದರೆ ಯಂತ್ರ ಮಾರಿ ಹಳೆಯ ಕೆಲಸಕ್ಕೆ ಮರಳುವುದೆಂದು ಅವಳೇ ತೀರ್ಮಾನಿಸಿದ್ದಳು.

ಚೀಲ ಮಾಡಿಕೊಟ್ಟವನು ಅವಳ ಈ ತಮ್ಮನೇ. ಆ ಬೀಜ ಬೆಳೆದ ಗುಡ್ಡದ ಏರಿಳಿತವನ್ನು ಕಡುಹಸಿರು ಗೆರೆಗಳಲ್ಲಿ ಬಿಡಿಸಿದ್ದ. ನೂರ ನಲವತ್ತು ಗೆರೆ, ಒಂದೂ ಎಲ್ಲೂ ತುಂಡಾಗಿಲ್ಲ. ಚೆನ್ನಾಗಿತ್ತು. ನಾನು ಸುಮ್ಮನೆ ಹೊಗಳುವವಳಲ್ಲ.

ತೊಡಕು ಬಂದದ್ದು ವಾಲ್ವಿನಲ್ಲಿ. ಹೊಸದಾಗಿ ಹುರಿದ ಬೀಜ ಕೆಲವು ದಿನ ಅನಿಲ ಬಿಡುತ್ತಿರುತ್ತದೆ. ಅದು ಹೊರಗೆ ಹೋಗಲೆಂದು, ಹೊರಗಿನ ಗಾಳಿ ಒಳಗೆ ಬಾರದ ಹಾಗೆ, ಅಂಗಿಯ ಗುಂಡಿಯಷ್ಟಿರುವ ಪ್ಲಾಸ್ಟಿಕ್ ವಾಲ್ವನ್ನು ಚೀಲಕ್ಕೆ ಕೂರಿಸುತ್ತಾರೆ. ಸಾಮಾನ್ಯವಾಗಿ ಮುಂದೆ, ಮೇಲ್ಗಡೆ.

"ಗುಡ್ಡದ ನೆತ್ತಿ ಮೇಲೆ ಕುರು ಎದ್ದ ಹಾಗಿರುತ್ತೆ. ಹಿಂದೆ ಹಾಕಿ" ಎಂದ ಇವನು.

"ಎಲ್ರೂ ಮುಂದೇನೇ ಹಾಕ್ಸೋದು ಸಾರ್" ಎಂದ ಅಚ್ಚಿನವನು.

"ಎಲ್ರೂ ಮಾಡೋದನ್ನೇ ಮಾಡೋಕೆ ನಾನ್ಯಾಕೆ ಬೇಕಿತ್ತು?"

ಅಕ್ಕ ಅನುಮಾನದಿಂದ ಕೇಳಿದಳು: "ಹಿಂದೆ ಇದ್ರೂ ಗ್ಯಾಸು ಸರಿಯಾಗಿ ಹೋಗುತ್ತೇನೋ?"

"ಗ್ಯಾಸಿಗೆ ಹಿಂದೆ ಮುಂದೆ ಅಂತ ಇದ್ಯಾ ಅಕ್ಕ?"

ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳಿಗೆ ಆ ಉತ್ತರದಲ್ಲಿ ತಪ್ಪು ಕಾಣಲಿಲ್ಲ. ವಾಲ್ವು ಬೆನ್ನಿಗೆ ಹೋಯಿತು. ಬಿಳಿಯ ಮೇಲೆ ಬಿಳಿ, ಬರಹದ ಕೆಳಗೆ, ಹುಡುಕಿದರೂ ಸಿಗದ ಹಾಗೆ.

ಮೂರು ವಾರ ಕಳೆದಾಗ ಹೋದದ್ದು ಇಪ್ಪತ್ತೆರಡು ಚೀಲ.

"ಜನಕ್ಕೆ ಕಣ್ಣೇ ಇಲ್ಲ ಅತ್ತೆ. ಪಕ್ಕದ ಆ ಹಳದಿ ಚೀಲ ನೋಡಿದ್ದೀರಾ? ಔಷಧಿ ಅಂಗಡಿ ಕ್ಯಾಲೆಂಡರ್ ಥರ ಇದೆ. ಅದು ಮಾತ್ರ ದಿನಾ ಖಾಲಿ!"

"ಯಾಕೆ ಅಂತ ಹೋಗಿ ನೋಡು. ಮನೇಲಿ ಕೂತು ಜನರನ್ನ ಬೈದ್ರೆ ಏನು ಗೊತ್ತಾಗುತ್ತೆ?"

ಹೋದ. ಒಡತಿಯ ಗಲ್ಲಾದ ಪಕ್ಕ ಸ್ಟೂಲು ಹಾಕಿಕೊಂಡು ಎರಡು ದಿನ ಕೂತ. ಜಂಬದವನಾದರೂ ಕಣ್ಣೆದುರು ಕಂಡದ್ದನ್ನು ಇಲ್ಲ ಎನ್ನುವವನಲ್ಲ. ಕಂಡದ್ದು ಹೀಗಿತ್ತು. ಜನ ಮೊದಲು ಕೈ ಚಾಚುತ್ತಿದ್ದದ್ದು ಅವನ ಚೀಲಕ್ಕೇ. ಕೈಗೆತ್ತಿಕೊಂಡು, ಮೇಲ್ಗಡೆ ಹೆಬ್ಬೆರಳಿನಿಂದ ತಡವಿ, ಒಂದು ಗಳಿಗೆ ನಿಂತು, ಮತ್ತೆ ಕಪಾಟಿಗಿಡುತ್ತಿದ್ದರು. ಆಮೇಲೆ ಹಳದಿ ಚೀಲ ತೆಗೆದು, ಎರಡೂ ಕೈಯಲ್ಲಿ ಮೆಲ್ಲಗೆ ಒತ್ತಿ, ವಾಲ್ವಿಗೆ ಮೂಗು ಹಿಡಿಯುತ್ತಿದ್ದರು. ಎರಡನೆಯ ದಿನ ನಾನೂ ಅಲ್ಲಿದ್ದೆ. ಟೋಪಿ ಹಾಕಿದ್ದ ಮುದುಕರೊಬ್ಬರನ್ನು ಇವನು ತಡೆದ.

"ಸಾರ್, ಯಾಕೆ ವಾಪಸ್ ಇಟ್ರಿ?"

"ಚೀಲ ಚೆನ್ನಾಗಿದೆ ಕಣಪ್ಪಾ. ಆದ್ರೆ ಇದಕ್ಕೆ ಮೂಗೇ ಇಲ್ವಲ್ಲ! ವಾಸನೆ ನೋಡ್ದೆ ಕಾಫಿ ಯಾರು ತಗೋತಾರೆ?"

"ಇದೆ ಸಾರ್. ಹಿಂದೆ ಇದೆ, ಕೆಳಗಡೆ."

"ಹಿಂದೆ ಹೋಗಿ ಯಾರಪ್ಪಾ ಮೂಸ್ತಾರೆ?"

ಒಡತಿ ನಕ್ಕಳು, ಸಾಲಿನಲ್ಲಿ ನಿಂತವರೂ ನಕ್ಕರು. ಇವನ ಕಿವಿ ಕೆಂಪಾಯಿತು.

ಸಂಜೆ ಊಟಕ್ಕೆ ಕೂತಾಗ ಅಕ್ಕ ಮಾತೆತ್ತಿದಳು. "ಮುಂದೆ ಒಂದು ಸ್ಟಿಕ್ಕರ್ ಅಂಟಿಸಿಬಿಡೋಣ ಕಣೋ. ವಾಸನೆಗೆ ಹಿಂದೆ ನೋಡಿ, ಅಂತ."

"ನನ್ನ ಚೀಲಕ್ಕೆ ಸ್ಟಿಕ್ಕರಾ? ಹಣೆಗೆ ಪಟ್ಟಿ ಹಾಕಿದ ಹಾಗೆ?"

"ಹಾಗಾದ್ರೆ ನಿನ್ನ ಗುಡ್ಡಾನ ನೀನೇ ಇಟ್ಕೊಂಡು ಪೂಜೆ ಮಾಡು. ಯಂತ್ರ ಕೊಳ್ಳೋರನ್ನ ನಾನು ಹುಡುಕ್ತೀನಿ."

ಅವಳು ಕೂಗಾಡಲಿಲ್ಲ. ಉಪ್ಪಿನ ಬಟ್ಟಲು ಇತ್ತ ಕೊಡು ಎನ್ನುವ ಧ್ವನಿಯಲ್ಲೇ ಹೇಳಿದಳು. ಇವನು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದುಹೋದ. ಇನ್ನು ಒಂದು ವಾರ ಮುಖ ಊದಿಸಿಕೊಂಡಿರುತ್ತಾನೆ ಎಂದು ನಾನು ಲೆಕ್ಕ ಹಾಕಿದೆ. ಹಿಂದೆಲ್ಲ ಹಾಗೇ ಆಗಿತ್ತು.

ಮರುದಿನ ಬೆಳಿಗ್ಗೆ ಹೊಸದಾಗಿ ಹುರಿದ ಕಾಫಿಯ ಪೆಟ್ಟಿಗೆಯನ್ನು ಅಂಗಡಿಗೆ ಮುಟ್ಟಿಸಲು ಅವಳ ಜೊತೆ ನಾನೂ ಹೋದೆ. ಅವನು ನಮಗಿಂತ ಮೊದಲೇ ಬಂದಿದ್ದ. ಕಪಾಟಿನಿಂದ ಒಂದೊಂದೇ ಚೀಲ ಇಳಿಸಿ, ಬೆನ್ನಿನ ವಾಲ್ವಿನ ಸುತ್ತ ಬಾಲ್‌ಪೆನ್ನಿನಲ್ಲಿ ವೃತ್ತ ಎಳೆದು, ಚಿತ್ರ ಗೋಡೆಯ ಕಡೆಗಾಗುವಂತೆ ತಿರುಗಿಸಿ ಇಡುತ್ತಿದ್ದ. ವೃತ್ತಗಳು ಸೊಟ್ಟಗಿದ್ದವು, ಬೀಜ ತುಂಬಿದ ಚೀಲದ ಮೇಲೆ ಯಾರು ಎಳೆದರೂ ಸೊಟ್ಟಗೇ ಬರುತ್ತವೆ. ಎದುರಿಗೆ ಕಾಣುತ್ತಿದ್ದದ್ದು ಬರೀ ಬಿಳುಪು, ಆರು ಸಾಲು ಸಣ್ಣಕ್ಷರ, ಒಂದು ನೀಲಿ ಸುತ್ತು.

"ಏನ್ರೀ, ಗೋಡೆಗೆ ಚಿತ್ರ ತೋರಿಸ್ತಿದ್ದೀರಾ?" ಒಡತಿ ಕೇಳಿದಳು. ಅವನು ಇನ್ನೊಂದು ಚೀಲ ಇಳಿಸಿದ.

ಅಷ್ಟರಲ್ಲಿ ಬಂದ ಹೆಂಗಸೊಬ್ಬಳು ನೀಲಿ ಸುತ್ತನ್ನು ನೋಡಿ, ಚೀಲ ಎತ್ತಿ, ಒತ್ತಿ ಮೂಸಿದಳು. ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದಳು. ಬುಟ್ಟಿಗೆ ಹಾಕಿಕೊಂಡವಳು ಇನ್ನೂ ಒಂದು ತೆಗೆದುಕೊಂಡಳು.

"ಕಾಫಿ ಏನೋ ಘಮ್ ಅಂತಿದೆ. ಚೀಲ ಮಾತ್ರ ಯಾವ ಪುಣ್ಯಾತ್ಮ ಮಾಡಿದ್ನೋ, ಬೋಳು ಬೋಳು" ಎಂದಳು.

ಅವನ ಅಕ್ಕ ಪೆಟ್ಟಿಗೆಯನ್ನು ಕೆಳಗಿಡುವುದನ್ನೂ ಮರೆತು ನಿಂತಳು. ನಾನು ಅವನ ಬಾಯನ್ನೇ ನೋಡುತ್ತಿದ್ದೆ.

"ಯಾರೋ, ಗೊತ್ತಿಲ್ಲಮ್ಮ" ಎಂದು ಅವನು ಮುಂದಿನ ಚೀಲವನ್ನು ಗೋಡೆಗೆ ತಿರುಗಿಸಿದ.