ಅತ್ತೆಯ ನೀರಿನ ಜೀಪು

ನಮ್ಮತ್ತೆಯ ಬಲಗಾಲಿನ ಹೆಬ್ಬೆರಳು ಎಡಗಾಲಿನದಕ್ಕಿಂತ ಅಗಲವಾಗಿತ್ತು. ಉಗುರು ಚಪ್ಪಟೆ, ಬೆರಳಿನ ತುದಿ ಮಂದ, ಅದರ ಕೆಳಗಿನ ಚರ್ಮ ಹಳೆಯ ಬೆಲ್ಟಿನ ಹಾಗೆ ಗಡುಸು. ಮದುವೆಯಾಗಿ ಬಂದ ದಿನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಬೆರಳೇ. ಮುಖವನ್ನು ಸರಿಯಾಗಿ ನೋಡಿದ್ದು ಆಮೇಲೆ. ಎಲ್ಲೋ ಎಡವಿ ಪೆಟ್ಟಾಗಿರಬೇಕು ಪಾಪ ಅಂದುಕೊಂಡೆ. ಪೆಟ್ಟೂ ಅಲ್ಲ, ಪಾಪವೂ ಅಲ್ಲ ಎಂದು ಮಾರನೆಯ ಬೆಳಿಗ್ಗೆಯೇ ಗೊತ್ತಾಯಿತು. ಅತ್ತೆ ಜೀಪು ಓಡಿಸುತ್ತಿದ್ದರು, ಅದೂ ಬರಿಗಾಲಲ್ಲಿ.

ಚಪ್ಪಲಿ ಬಿಚ್ಚಿ, ದೇವಸ್ಥಾನದ ಬಾಗಿಲಲ್ಲಿ ಬಿಡುವ ಹಾಗೆ ಜೋಡಿಸಿ ಪಕ್ಕದ ಸೀಟಿನ ಕೆಳಗೆ ಇಟ್ಟ ಮೇಲೆಯೇ ಅವರು ಕೀ ತಿರುಗಿಸುವುದು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಚಪ್ಲಿ ಹಾಕ್ಕೊಂಡ್ರೆ ಗಾಡಿ ಹೇಳೋದು ಕಾಲಿಗೆ ಕೇಳಲ್ಲ ಮಾರಾಯ್ತಿ" ಅಂದರು. ಗಾಡಿ ಅವರಿಗೆ ಬೇಕಾದಷ್ಟು ಹೇಳುತ್ತಿತ್ತು, ಅವರೂ ಗಾಡಿಗೆ ಬೇಕಾದಷ್ಟು ಹೇಳುತ್ತಿದ್ದರು. ಏರು ಹತ್ತುವಾಗ ಅದು ಕೆಮ್ಮಿದರೆ, ನಿನ್ನೆ ತಾನೇ ಎಣ್ಣೆ ಕುಡಿಸಿದ್ದೇನಲ್ಲ, ಇನ್ನೇನು ನಿನಗೆ ರೋಗ ಎಂದು ಬೈಯುವರು. ನನಗೆ ಮಾತ್ರ ಒಂದು ದಿನವೂ ಬೈಯಲಿಲ್ಲ. ಸೊಸೆಗೆ ಸಲ್ಲಬೇಕಾದ ಬೈಗುಳವೆಲ್ಲ ಆ ಜೀಪಿನ ಪಾಲಿಗೆ ಹೋಯಿತು ಎಂದು ನಮ್ಮನೆಯವರು ತಮಾಷೆ ಮಾಡುವುದಿತ್ತು.

ನಮ್ಮ ತೋಟ ಬಾಳೂರಿನಿಂದ ಮೇಲೆ, ಟಾರು ರಸ್ತೆ ಮುಗಿದು ಕೆಂಪು ಮಣ್ಣಿನ ಏರು ಶುರುವಾಗುವ ಕಡೆ ಇದೆ. ಎಸ್ಟೇಟು ಎಂದು ಬಾಯಿತುಂಬ ಹೇಳುವಷ್ಟು ದೊಡ್ಡದಲ್ಲ. ಒಬ್ಬ ಮೇಸ್ತ್ರಿ, ನಾಲ್ಕಾರು ಖಾಯಂ ಆಳು, ಆ ಜೀಪು, ಇಷ್ಟೇ ನಮ್ಮ ಸಂಸ್ಥಾನ. ಗೊಬ್ಬರ ತರುವುದರಿಂದ ಹಿಡಿದು ಹೆರಿಗೆಗೆ ಹೋಗುವವರೆಗೆ ಎಲ್ಲಕ್ಕೂ ಜೀಪೇ. ಅದನ್ನು ಓಡಿಸಬೇಕಾದ ಮಗನಿಗೆ, ಅಂದರೆ ನಮ್ಮನೆಯವರಿಗೆ, ಚಿಕ್ಕಂದಿನಿಂದ ಮೂರ್ಛೆ ಬರುತ್ತಿತ್ತು. ಮಾತ್ರೆಯಲ್ಲಿ ಹಿಡಿತಕ್ಕೆ ಬಂದಿದ್ದರೂ ಸ್ಟೇರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮಾವ ತೀರಿಕೊಂಡ ವರ್ಷ ಅತ್ತೆ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿಗೆ ಹತ್ತಿದವರು ಮತ್ತೆ ಇಳಿಯಲೇ ಇಲ್ಲ. ಆಳುಗಳ ಲೈನ್‌ಮನೆಯ ಹೆಂಗಸರು ಅವರನ್ನು ಜೀಪಮ್ಮ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅತ್ತೆಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದು ಮಾತ್ರ ಅವರಿಗೆ ಶಿಕ್ಷೆ. ಬಸ್ಸಾಗಲಿ, ನೆಂಟರ ಕಾರಾಗಲಿ, ತಿರುವು ಬಂತೆಂದರೆ ಅವರ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಇಲ್ಲದ ಬ್ರೇಕನ್ನು ಅಷ್ಟು ಜೋರಾಗಿ ಒತ್ತಿ, ಮನೆಗೆ ಬಂದ ಮೇಲೆ ಮೀನಖಂಡಕ್ಕೆ ಎಣ್ಣೆ ಹಚ್ಚಿಕೊಳ್ಳುವರು. ಗಾಡಿಯಲ್ಲಿ ನಿದ್ದೆ ಮಾಡುವವರನ್ನು ಕಂಡರೆ ಅವರಿಗೆ ಸೋಜಿಗ. ಕಣ್ಣು ಮುಚ್ಚುವುದೆಂದರೆ ಡ್ರೈವರಿನ ಕೈಗೆ ಜೀವ ಕೊಟ್ಟ ಹಾಗೆ, ಹೇಗೆ ಕೊಡುತ್ತಾರೋ ಎನ್ನುತ್ತಿದ್ದರು.

ನನಗೆ ಜೀಪು ಕಲಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ನಾನು ವಸ್ತಾರೆಯ ಕಡೆಯವಳು. ಮೇಷ್ಟರ ಮಗಳು, ಮನೆಯಲ್ಲಿ ಸೈಕಲ್ಲೂ ಇರಲಿಲ್ಲ. ಅತ್ತೆಯ ಪಾಠವೆಲ್ಲ ಎರಡೇ ಮಾತಿನದು: "ಬೆಂಡಲ್ಲಿ ಕಾಲು ತೆಗಿ. ಅನುಮಾನ ಬಂದ್ರೂ ಕಾಲು ತೆಗಿ." ತಿರುವಿಗೆ ಮುಂಚೆ ಎಕ್ಸಲೇಟರಿನಿಂದ ಕಾಲು ತೆಗೆಯಬೇಕು, ಗಾಡಿ ತಾನಾಗಿ ತಗ್ಗುತ್ತದೆ, ಆಗ ತಿರುಗಿಸಬೇಕು. ನಮ್ಮ ಬೆಟ್ಟದಲ್ಲಿ ಗಾಡಿ ಓಡಿಸುವವರಿಗೆಲ್ಲ ಇದು ಮೊದಲ ಪಾಠ. ನನಗೆ ಅನುಮಾನ ಬರದ ಜಾಗವೇ ಇರಲಿಲ್ಲವಾದ್ದರಿಂದ ಕಾಲು ತೆಗೆದೇ ಇರುತ್ತಿದ್ದೆ. ಒಂದು ದಿನ ಅರ್ಧ ಏರಿನಲ್ಲಿ ಕಾಲು ತೆಗೆದು, ಜೀಪು ಹಿಂದಕ್ಕೆ ಜಾರಿ, ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ಇಳಿದು ಮನೆಗೆ ನಡೆದೇ ಹೋದೆ. ಇನ್ನು ಈ ಜನ್ಮದಲ್ಲಿ ಸ್ಟೇರಿಂಗ್ ಹಿಡಿಯುವುದಿಲ್ಲ ಎಂದು ಹೇಳಿಬಿಟ್ಟೆ. ಅತ್ತೆ ಒತ್ತಾಯ ಮಾಡಲಿಲ್ಲ.

ಮಾಡದೆ ಇದ್ದದ್ದೇ ನನಗೆ ಕಷ್ಟವಾಯಿತು. ಯಾಕೆಂದರೆ ಅಷ್ಟರಲ್ಲಿ ಅವರ ಬಲ ಮೊಣಕಾಲು ಕೈಕೊಡತೊಡಗಿತ್ತು. ಜೀಪಿನಿಂದ ಇಳಿಯುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತುಕೊಳ್ಳುವರು, ಆಕಾಶ ನೋಡುವವರ ಹಾಗೆ ನಟಿಸುತ್ತಾ. ಒಂದು ಸಂಜೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ, "ಈ ಕಾಲು ನಿಂತ ದಿನ ಈ ಮನೆ ನಿಲ್ತದೆ" ಅಂದರು. ದೂರಲಿಲ್ಲ, ಸುಮ್ಮನೆ ಹೇಳಿದರು. ನಾನು ತಲೆ ತಗ್ಗಿಸಿಕೊಂಡು ಎಣ್ಣೆ ತಿಕ್ಕಿದೆ.

ಆ ವರ್ಷ ಕೊಯ್ಲು ಬೇಗ ಮುಗಿದು, ಕಾಫಿ ಒಣಗಿ ಚೀಲ ಸೇರಿತ್ತು. ಕೊಯ್ಲಿಗೂ ಹೂಮಳೆಗೂ ನಡುವಿನ ಆ ಕೆಲವು ದಿನಗಳಲ್ಲೇ ನಮ್ಮ ಕಡೆಯವರು ಊರು ಬಿಡುವುದು. ಬಿಟ್ಟರೂ ಮನಸ್ಸು ಆಕಾಶದ ಮೇಲೆಯೇ ಇರುತ್ತದೆ. ಆ ಒಂದು ಮಳೆ ಬಿದ್ದರೆ ಕಾಫಿ ಗಿಡ ಹೂವಾಗುತ್ತದೆ, ಇಲ್ಲದಿದ್ದರೆ ವರ್ಷವೇ ಹೋಯಿತು. ಸಮುದ್ರ ನೋಡೋಣ ಎಂದು ಹೊರಡಿಸಿದವರು ನಮ್ಮನೆಯವರು. ಬಾಡಿಗೆ ಕಾರು. ಚಾರ್ಮಾಡಿ ಘಾಟಿ ಇಳಿಯುವಷ್ಟು ಹೊತ್ತೂ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಇಲ್ಲದ ಬ್ರೇಕು ಒತ್ತಿದರು. ಡ್ರೈವರ್ ಕೊನೆಗೆ, ಅಮ್ಮ ಕಾರಿನ ತಳ ತೂತಾದೀತು ಅಂದ.

ಮಲ್ಪೆಯ ಕಡಲತೀರದಲ್ಲಿ ನಾನು ಅಲೆ ನೋಡುತ್ತಿದ್ದೆ. ಅತ್ತೆ ನೋಡುತ್ತಿದ್ದದ್ದು ಬೇರೆಯದನ್ನೇ. ನೀರಿನ ಮೇಲೆ ಬೈಕಿನಂಥದ್ದೊಂದು ಗುಂಯ್ ಎಂದು ಸುತ್ತು ಹೊಡೆದು ಬರುತ್ತಿತ್ತು. ಅದು ಜೆಟ್‌ಸ್ಕೀ, ಬಾಡಿಗೆಗೆ ಸಿಗುತ್ತದೆ, ಹಿಂದೆ ಅವರ ಕಡೆಯ ಒಬ್ಬರು ಕೂರುತ್ತಾರೆ ಎಂದು ನಮ್ಮನೆಯವರು ವಿವರಿಸಿದರು. "ನೀರಿನ ಜೀಪು ಅನ್ನು" ಎಂದು ಅತ್ತೆ ಎದ್ದೇಬಿಟ್ಟರು.

ಬಾಡಿಗೆಗೆ ಕೊಡುವಾತ ನಮ್ಮನೆಯವರ ವಯಸ್ಸಿನವನು, ಬಿಸಿಲಿಗೆ ಕೂದಲು ಕೆಂಚಗಾದ ಮೀನುಗಾರ ಮೊಗವೀರ. ಮೊಣಕಾಲು ನೋವಿನ, ಸೀರೆ ಉಟ್ಟ ಹೆಂಗಸು ಬಂದು ಇದರ ಬ್ರೇಕ್ ಎಲ್ಲಿದೆ ಎಂದು ಕೇಳಿದಾಗ ಅವನಿಗೆ ನಗು. "ಬ್ರೇಕ್ ಇಲ್ಲ ಮಾರ್ರೆ ಇದಕ್ಕೆ" ಅಂದ. ಕ್ಲಚ್ಚು? ಅದೂ ಇಲ್ಲ. ಗೇರು? ಇಲ್ಲ. ಕೈಯಲ್ಲಿ ಈ ಹಿಡಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಧಾನಕ್ಕೆ ನಿಲ್ಲುತ್ತದೆ, ಅಷ್ಟೇ. ಅತ್ತೆ ಪ್ರತಿ ಉತ್ತರಕ್ಕೂ ತಲೆದೂಗಿದರು. ಆಮೇಲೆ ನನ್ನ ಕಡೆ ತಿರುಗಿ, ಕಾಲಿಗೆ ಕೆಲಸವೇ ಇಲ್ಲವಂತೆ, ಚರಂಡಿ ಇಲ್ಲ, ಪ್ರಪಾತ ಇಲ್ಲ, ಸಿಲ್ವರ್ ಮರವಂತೂ ಇಲ್ಲವೇ ಇಲ್ಲ, ನೀನೇ ಓಡಿಸು ಅಂದರು.

ಬೇಡ ಎಂದೆ. ನಮ್ಮನೆಯವರನ್ನು ನೋಡಿದೆ, ಅವರು ಸಮುದ್ರ ನೋಡಿದರು. ಅತ್ತೆ ದನಿ ತಗ್ಗಿಸಿ, "ನಾನು ಹಿಂದೆ ಕೂರ್ತೀನಿ. ಬಿದ್ರೆ ಇಬ್ರೂ ಬೀಳಣ" ಅಂದರು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಅತ್ತೆ ಯಾವುದೋ ಸೈನ್ಯದ ಮುಖ್ಯಸ್ಥೆಯ ಹಾಗೆ ನಿಂತರು. ಚಪ್ಪಲಿ ಬಿಚ್ಚಿ ಜೋಡಿಸಿ ಮಗನ ಕೈಗೆ ಕೊಟ್ಟರು, ನನ್ನದನ್ನೂ ಬಿಚ್ಚಿಸಿದರು. ಮುಂದೆ ನಾನು, ನನ್ನ ಸೊಂಟ ಹಿಡಿದು ಅತ್ತೆ, ಅವರ ಹಿಂದೆ ಮೊಗವೀರ.

ನೆಟ್ಟಗೆ ಹೋಗುವಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು. ಆಮೇಲೆ ಎದುರಿಗೆ ಲಂಗರು ಹಾಕಿದ್ದ ಮೀನಿನ ದೋಣಿ ಕಾಣಿಸಿತು. ಇನ್ನೂ ದೂರವೇ ಇತ್ತು, ಆದರೆ ನನ್ನ ಕಣ್ಣಿಗೆ ಅದು ಸಿಲ್ವರ್ ಮರ. ಕಿವಿಯ ಹತ್ತಿರ ಅತ್ತೆ ಅಭ್ಯಾಸಬಲದಿಂದ, "ಕಾಲು ತೆಗಿ, ಕಾಲು ತೆಗಿ" ಅಂದರು. ಇಲ್ಲದ ಬ್ರೇಕನ್ನು ಅವರ ಬಲಗಾಲು ಒತ್ತಿದ್ದು ನನ್ನ ಕಾಲಿಗೆ ತಾಗಿ ಗೊತ್ತಾಯಿತು. ಕಾಲಿಗೆ ಬದಲು ನಾನು ಕೈ ಸಡಿಲಿಸಿದೆ. ಹ್ಯಾಂಡಲ್ ಎಡಕ್ಕೆ ಪೂರಾ ತಿರುಗಿಸಿದೆ. ಅದು ತಿರುಗಲಿಲ್ಲ. ದೋಣಿಯ ಕಡೆಗೇ ನೆಟ್ಟಗೆ ಜಾರುತ್ತಾ ಹೋಯಿತು.

"ಕೈ ಬಿಡ್ಬೇಡಿ" ಎಂದ ಹಿಂದಿನಿಂದ ಮೊಗವೀರ. "ರೇಸ್ ಕೊಡಿ ನೀವು. ಕೊಟ್ರೆ ಮಾತ್ರ ತಿರುಗ್ತದೆ ಇದು."

ಕೊಟ್ಟೆ. ಕಣ್ಣು ಮುಚ್ಚಿಕೊಂಡೇ ಕೊಟ್ಟೆನೋ ಏನೋ. ಬಾಲ ತಿರುಚಿದ ಎಮ್ಮೆಯ ಹಾಗೆ ಅದು ಎಡಕ್ಕೆ ಹೊರಳಿ, ದೋಣಿಯನ್ನು ಅಲ್ಲೇ ಬಿಟ್ಟು, ಬಟಾಬಯಲು ನೀರಿಗೆ ಹೋಯಿತು. ಅತ್ತೆ ನಗತೊಡಗಿದರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಬೆನ್ನಿಗೆ ಅವರ ನಗು ತಾಗುತ್ತಿತ್ತು. ಇನ್ನೊಂದು ಸುತ್ತು ಎಂದರು, ಅದಾದ ಮೇಲೆ ಮತ್ತೊಂದು. ಕೊನೆಯ ಸುತ್ತಿನಲ್ಲಿ ಆ ದೋಣಿಯನ್ನು ನಾನೇ ಬೇಕೆಂದು ಸುತ್ತಿ ಬಂದೆ.

ದಡದಲ್ಲಿ ಅತ್ತೆ ಸೆರಗು ಹಿಂಡಿಕೊಂಡರು. ಆಮೇಲೆ, "ನಾನು ನಿಂಗೆ ಅರ್ಧ ಪಾಠ ಹೇಳ್ದೆ ಕಣೆ" ಅಂದರು. "ಕಾಲು ತೆಗಿಯೋದು ಹೇಳ್ದೆ. ಕೊಡೋದು ಹೇಳಲಿಲ್ಲ." ಅಷ್ಟರಲ್ಲಿ ಮೇಸ್ತ್ರಿಯ ಫೋನು ಬಂತು. ಅತ್ತೆ ಹಲೋ ಕೂಡ ಅನ್ನದೆ, ಎಷ್ಟು ಸೆಂಟು ಎಂದು ಕೇಳಿದರು. ನಮ್ಮ ಕಡೆ ಮಳೆಯನ್ನು ಅಳೆಯುವುದು ಇಂಚು, ಸೆಂಟಿನಲ್ಲಿ, ನೂರು ಸೆಂಟಿಗೊಂದು ಇಂಚು. ತೊಂಬತ್ತು ಅಂದನಂತೆ. ಒಳ್ಳೆಯ ಹೂಮಳೆ. ಅಲ್ಲಿಗೆ ನಮ್ಮ ಪ್ರವಾಸ ಮುಗಿಯಿತು. ಹೂವು ಅರಳಲು ಇನ್ನೂ ವಾರ ಬೇಕು, ಆದರೂ ಆ ಸುದ್ದಿ ಕೇಳಿ ಸಮುದ್ರದ ದಡದಲ್ಲಿ ಕೂರುವ ಜನ ನಮ್ಮ ಕಡೆ ಇಲ್ಲ.

ತೋಟವೆಲ್ಲ ಬೆಳ್ಳಗೆ ಹೂವಾಗಿದ್ದ ವಾರದಲ್ಲೇ ನಾನು ಮತ್ತೆ ಜೀಪು ಹತ್ತಿದೆ, ಬರಿಗಾಲಲ್ಲಿ. ಆ ಘಮದಲ್ಲಿ ಹೆದರಿಕೆಯೂ ಸ್ವಲ್ಪ ಮಂಕಾಗುತ್ತದೆ. ಅತ್ತೆ ಪಕ್ಕದಲ್ಲಿ ಕೂತು ಕಾಲು ಒತ್ತುತ್ತಲೇ ಇದ್ದರು. ನಾನು ಓಡಿಸಲು ಕಲಿತೆ, ಹೌದು. ಆದರೆ ಅವರ ಕಾಲು ನನ್ನನ್ನು ನಂಬಲಿಲ್ಲ. ಬಾಯಲ್ಲಿ ಭೇಷ್ ಅನ್ನುವರು, ಕಾಲು ಬ್ರೇಕು ಒತ್ತುವುದು. ನನಗೆ ಅದು ಒಳಗೇ ಚುಚ್ಚುತ್ತಿತ್ತು.

ಅತ್ತೆ ಹೋಗಿ ಈಗ ಕೆಲವು ವರ್ಷಗಳಾದವು. ಊಟ ಮಾಡಿ, ಕಾಫಿ ಹರಡಿದ ಕಣದ ಅಂಚಿನಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದವರು ಹಾಗೆಯೇ ಹೋದರು. ಆ ದಿನದ ಅಳು, ನೆಂಟರು, ಓಡಾಟ ಎಲ್ಲ ಈಗ ಮಸುಕು. ಅತ್ತೆಯನ್ನು ನೆನೆದರೆ ನನಗೆ ಅದು ಬರುವುದಿಲ್ಲ, ಅದಕ್ಕೆ ಹಿಂದಿನ ಮಳೆಗಾಲದ ಒಂದು ಬೆಳಗು ಬರುತ್ತದೆ.

ತಿಂಡಿಯ ಹೊತ್ತಿಗೆ ಅವರಿಗೆ ಎದೆ ಹಿಡಿದುಕೊಂಡಿತು. ಬೆವರು, ಮುಖ ಬೂದಿ. ವಾರದಿಂದ ಬಿಡದೆ ಸುರಿದ ಮಳೆಗೆ ಮಣ್ಣಿನ ದಾರಿ ರಾಡಿಯಾಗಿತ್ತು, ಬಾಳೂರಿನಿಂದ ಯಾವ ಗಾಡಿಯೂ ಮೇಲೆ ಬರುವಂತಿರಲಿಲ್ಲ. ನಮ್ಮನೆಯವರು ತಾಯಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ತಲೆ ತೊಡೆಯ ಮೇಲಿಟ್ಟುಕೊಂಡರು. ನಾನು ಚಪ್ಪಲಿ ಬಿಚ್ಚಿದೆ. ಪಕ್ಕದ ಸೀಟಿನ ಕೆಳಗೆ ಜೋಡಿಸಿಟ್ಟು ಕೀ ತಿರುಗಿಸಿದೆ.

ಗೇಟು ದಾಟಿ ಇಳಿದರೆ ಒಂದು ಹಳ್ಳ, ಹಳ್ಳದಾಚೆ ಸಣ್ಣ ಏರು, ಅದು ಹತ್ತಿದರೆ ಟಾರು. ಆ ಏರಿನ ತಿರುವಿನಲ್ಲಿ ಜೀಪಿನ ಹಿಂಭಾಗ ಚರಂಡಿಯ ಕಡೆ ಜಾರಿತು. ಅನುಮಾನ ಬಂತು, ಕಾಲು ತೆಗೆದೆ. ಜೀಪು ಹಿಂದಕ್ಕೆ ಸರಿಯತೊಡಗಿತು. ನಮ್ಮನೆಯವರು ನನ್ನ ಹೆಸರು ಕರೆದರು, ಅಷ್ಟೇ. ಅವರ ದನಿಯಲ್ಲಿ ಎಲ್ಲವೂ ಇತ್ತು.

ಆಗ ಹಿಂದಿನ ಸೀಟಿನಿಂದ ಅತ್ತೆಯ ದನಿ ಬಂತು. ಉಸಿರಿಗಿಂತ ಸ್ವಲ್ಪ ಜೋರು.

"ಇದು ರಸ್ತೆ ಅಲ್ಲ ಮಾರಾಯ್ತಿ, ಸಮುದ್ರ. ಕೊಡು."

ಕೊಟ್ಟೆ. ಜೋರಾಗಿಯೂ ಅಲ್ಲ, ಬಿಟ್ಟುಬಿಟ್ಟೂ ಅಲ್ಲ, ಒಂದೇ ಸಮನೆ. ಚಕ್ರ ರಾಡಿ ಎರಚಿತು, ಬಾಲ ಹೊರಳಿತು, ಮೂತಿ ಮೇಲಕ್ಕೆ ತಿರುಗಿತು. ಜೀಪು ಟಾರು ಹತ್ತಿತು. ಸೀಟಿನಿಂದ ಇಳಿಬಿಟ್ಟ ಅತ್ತೆಯ ಬಲಗಾಲು ನನ್ನ ಹಿಂದೆ ನೆಲ ಒತ್ತುವುದು ಕೇಳುತ್ತಲೇ ಇತ್ತು.

ಕೊಟ್ಟಿಗೆಹಾರ ದಾಟಿದ ಮೇಲೆ ಹಿಂದೆ ಸದ್ದಿರಲಿಲ್ಲ. ತಿರುವಿನ ಮೇಲೆ ತಿರುವು ಬಂದರೂ ನನ್ನ ಸೀಟಿನ ಹಿಂದೆ ಆ ಒತ್ತುವ ಸದ್ದು ಇಲ್ಲ. ಅತ್ತೆ ಹೇಗಿದ್ದಾರೆ ಎಂದು ಕೇಳುವ ಧೈರ್ಯ ಬರಲಿಲ್ಲ. ರಸ್ತೆಯ ಪಕ್ಕ ನಿಲ್ಲಿಸಿ ಹಿಂದೆ ತಿರುಗಿ ನೋಡಿದೆ. ನಮ್ಮನೆಯವರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದರು. ಅತ್ತೆಯ ಎದೆ ಏರಿಳಿಯುತ್ತಿತ್ತು. ಬಲಗಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಅಗಲ ಹೆಬ್ಬೆರಳು ಶಾಲಿನಿಂದ ಆಚೆ ಚಾಚಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಮೂಡಿಗೆರೆಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಸಕಾಲಕ್ಕೆ ತಂದಿರಿ ಎಂದು ಹೇಳಿ, ಆಮೇಲೆ ನಮ್ಮನ್ನು ವಿಚಾರಿಸತೊಡಗಿದರು. ದಾರಿಯಲ್ಲಿ ಇವರಿಗೆ ಎಚ್ಚರ ತಪ್ಪಿತ್ತೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿನಿಂದ ಅತ್ತೆಯೇ ಉತ್ತರ ಕೊಟ್ಟರು.

"ಎಚ್ರ ಎಲ್ಲಿ ತಪ್ತದೆ ಡಾಕ್ಟ್ರೇ. ಸೊಸೆ ಓಡಿಸ್ತಿದ್ಲು, ನಿದ್ದೆ ಮಾಡ್ದೆ."