ಛತ್ರಿ ಮುಟ್ಟದ ದಿನ

ಮೊನ್ನೆ ಅಟ್ಟದ ಡಬ್ಬಗಳನ್ನು ಇಳಿಸುವಾಗ ಒಂದು ಮುರುಕು ಛತ್ರಿ ತಲೆಯ ಮೇಲೆ ಬಿತ್ತು. ಸೊಸೆ ಗುಜರಿಗೆ ಹಾಕೋಣ ಎಂದಳು. ನಾನು ಕೊಡಲಿಲ್ಲ. ಅದರ ಮುಗ್ಗಲು ವಾಸನೆಗೇ ಮುಂಬಯಿಯ ಬೈಕುಲ್ಲಾದ ಛತ್ರಿ ಚಾಚಾ ಕಣ್ಣ ಮುಂದೆ ಬಂದು ಕೂತರು...

ಚಾಚಾ ನಮ್ಮ ವಿಜಯಪುರದ ಕಡೆಯವರು. ನಮ್ಮ ಚಾಳಿನ ಬಾಗಿಲಲ್ಲಿ ಕೂತು ಛತ್ರಿ ರಿಪೇರಿ ಮಾಡುತ್ತಿದ್ದರು. ಪಕ್ಕದಲ್ಲಿ ರಬ್ಬರ್ ಸುತ್ತಿದ ರೇಡಿಯೋ ಬೆಳಗಿನಿಂದ ಒದರುತ್ತಲೇ ಇರುತ್ತಿತ್ತು. ಹಾಡು ಬಂದರೆ ಸಣ್ಣ ಮಾಡುವರು, ಹವಾಮಾನ ಬಂದರೆ ದೊಡ್ಡದು. ಮರಾಠಿಯಲ್ಲಿ ಕೇಳಿದ್ದನ್ನು ನಮಗೆ ಕನ್ನಡದಲ್ಲಿ, ಎದುರಿನ ಅಂಗಡಿಯವರಿಗೆ ದಖನಿ ಉರ್ದುವಿನಲ್ಲಿ ಹೇಳುತ್ತಿದ್ದರು. ಎಷ್ಟು ಮಳೆ, ಸಮುದ್ರ ಉಬ್ಬಿ ಬರುವ ಭರತಿ ಎಷ್ಟು ಹೊತ್ತಿಗೆ, ಎಲ್ಲಿ ಲೋಕಲ್ ರೈಲು ನಿಂತಿದೆ... ಇಡೀ ಗಲ್ಲಿ ಅವರನ್ನು ಕೇಳಿಯೇ ಹೊರಬೀಳುತ್ತಿತ್ತು.

ಛತ್ರಿ ರಿಪೇರಿಯವನೇ ಮಳೆ ಬರುತ್ತದೆ ಅಂದರೆ ಜನ ಬಿಡುತ್ತಾರೆಯೇ? ಗಾಳಿ ಬಂದಾಗ ತೂರಿಕೊಳ್ಳುವ ಮುದುಕ ಎಂದು ಕಾಡುತ್ತಿದ್ದರು, ನಾನೂ ಕಾಡಿದ್ದೇನೆ. ಅದಕ್ಕೇ ಚಾಚಾ ಒಂದು ನೇಮ ಇಟ್ಟುಕೊಂಡಿದ್ದರು. ಭಾರೀ ಮಳೆಯ ಎಚ್ಚರಿಕೆ ಹೇಳಿದ ದಿನ ಯಾರ ಛತ್ರಿಯನ್ನೂ ಮುಟ್ಟುತ್ತಿರಲಿಲ್ಲ. ಗಿರಾಕಿಗಳು ಮುಗಿಬೀಳುವ ದಿನವೇ ಸೂಜಿ-ದಾರ ಡಬ್ಬಿಯೊಳಗೆ. ಇದೆಂಥ ಹುಚ್ಚು ಎನ್ನಿಸುತ್ತಿತ್ತು ನನಗೆ.

ಆಗ ನಾನು ಪರೇಲಿನಲ್ಲಿ ಬಿಲ್ಡಿಂಗಿನ ಪಾಯ ತೋಡುವ ಗ್ಯಾಂಗಿನ ಮೇಸ್ತ್ರಿ. ಎರಡಾಳು ಆಳದ ಗುಂಡಿಯಲ್ಲಿ ಹನ್ನೊಂದು ಜನ, ಎಲ್ಲ ನಮ್ಮೂರವರೇ. ಒಂದು ದಿನ ಚಾಚಾನ ಮಾತು ಕೇಳಿ ಕೆಲಸ ನಿಲ್ಲಿಸಿದೆ. ಒಂದು ಹನಿಯೂ ಬೀಳಲಿಲ್ಲ. ಕಂಟ್ರಾಕ್ಟರ ಎಲ್ಲರೆದುರು ಉಗಿದ, ಇನ್ನೊಮ್ಮೆ ನಿಲ್ಲಿಸಿದರೆ ನಿನ್ನ ಗ್ಯಾಂಗೇ ಬೇಡ ಎಂದ. ಮರುದಿನ ಬೆಳಿಗ್ಗೆ ಒಳ್ಳೆ ಬಿಸಿಲು. ಕಡ್ಡಿ ಮುರಿದ ನನ್ನ ಛತ್ರಿಯನ್ನು ಚಾಚಾನ ಮುಂದೆ ಹಿಡಿದೆ. ಮುಟ್ಟಲಿಲ್ಲ. ನಿನ್ನೆ ಎಲ್ಲಿತ್ತು ನಿಮ್ಮ ಮಳೆ ಎಂದು ಸಿಟ್ಟಿನಿಂದಲೇ ಕೇಳಿದೆ.

“ನಿನ್ನಿ ರೇಡಿಯೋ ತಪ್ಪಿತು, ಖರೇ. ಇವತ್ತೂ ತಪ್ಪಲಿ ಅಂತ ದುವಾ ಮಾಡ್ತೀನಿ,” ಎಂದರು ಚಾಚಾ. “ತಪ್ಪದಿದ್ರ? ಎರಡೂವರೆಗೆ ಭರತಿ ಐತಿ, ಊರಾಗಿನ ನೀರು ಹೊರಗ ಹೋಗಂಗಿಲ್ಲ. ಅದಕ್ಕಿಂತ ಮೊದಲ ಹುಡುಗರನ್ನ ಮ್ಯಾಲ ಹತ್ತಸು, ತಮ್ಮಾ.”

ಗೊಣಗುತ್ತಲೇ ಹೋದೆ. ಹನ್ನೆರಡಕ್ಕೆ ಮೋಡ ಕಟ್ಟಿ ಮಳೆ ಹಿಡಿಯಿತು. ಕೆಲಸ ನಡೆಯಲಿ ಎಂದ ಕಂಟ್ರಾಕ್ಟರ. ನನಗೆ ಮುಚ್ಚಿಟ್ಟ ಆ ಸೂಜಿ-ದಾರದ ಡಬ್ಬಿಯೇ ಕಾಣುತ್ತಿತ್ತು. ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಂಡು ಹೇಳುವ ಮನುಷ್ಯನ ಮಾತನ್ನು ಹೇಗೆ ತಳ್ಳಿಹಾಕುವುದು? ಒಂದೂವರೆಗೆ ಎಲ್ಲರನ್ನೂ ಮೇಲೆ ಹತ್ತಿಸಿದೆ. ಮೂರರೊಳಗೆ ಗುಂಡಿಯ ಒಂದು ಬದಿ ಕುಸಿದು, ಕೆಸರು ನೀರು ಅಂಚಿನವರೆಗೂ ತುಂಬಿತು. ನಾನು ಹನ್ನೊಂದು ತಲೆ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ.

ಮಳೆ ನಿಂತ ಮೇಲೆ ಚಾಚಾ ತಾವಾಗಿಯೇ ಛತ್ರಿ ಕೇಳಿದರು. ಅದು ಹಾಗೇ ಇರಲಿ ಎಂದೆ. ಕಾಲು ಮುಟ್ಟಬೇಕೆಂದುಕೊಂಡೆ, ಏನೋ ಸಂಕೋಚ... ಅವರು ತೀರಿಕೊಂಡಾಗ ನಾನು ವಿಕ್ರೋಳಿಯ ಸೈಟಿನಲ್ಲಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಇದೆ.

ಈಗ ಮಗ ಮೇಸ್ತ್ರಿ. ಇವತ್ತು ಬೆಳಿಗ್ಗೆ ಅವನ ಫೋನಿಗೆ ಮಳೆಯ ಎಚ್ಚರಿಕೆ ಬಂತು. ದಿನಾ ಬರುತ್ತವೆ ಎಂದು ಕಿಸೆಗೆ ಹಾಕಿಕೊಂಡ. ಮುರುಕು ಛತ್ರಿಯನ್ನು ಬಾಗಿಲಿಗೆ ಅಡ್ಡ ಹಿಡಿದು, ಇದರ ಕತೆ ಕೇಳಿ ಹೋಗು ಎಂದೆ. ನಿಂತು ಕೇಳಿದ. ಹೊರಡುವಾಗ, ಇವತ್ತು ಭರತಿ ಎಷ್ಟಕ್ಕೆ ಅಪ್ಪಾ ಎಂದು ನನ್ನನ್ನೇ ಕೇಳಿದ.

ನನಗೆ ಗೊತ್ತಿರಲಿಲ್ಲ. ಅದನ್ನು ನಾನು ಯಾವತ್ತೂ ಚಾಚಾನನ್ನು ಕೇಳಿಯೇ ತಿಳಿದುಕೊಂಡವನು.